ಜೀನ್ಸ್ ತರಬೇಡಿ ಅಂದರು

ಹಿಮಾಲಯದ ಚಾರಣಕ್ಕೆ ಏನೇನು ತರಬೇಕು ಅನ್ನೋ ಪಟ್ಟಿಯ ನಾಲ್ಕನೇ ಸಾಲು ಓದಿ ಮಗಳ ಮುಖ ನೋಡಿದೆ. ಅವಳು ಆಗಲೇ ನಗುತ್ತಿದ್ದಳು. ‘ದಯವಿಟ್ಟು ಜೀನ್ಸ್ ತರಬೇಡಿ’ ಅಂತ ದಪ್ಪಕ್ಷರದಲ್ಲಿ ಇತ್ತು. ಬಳ್ಳಾರಿಯವರಿಗೆ ಹೇಳೋ ಮಾತಾ ಇದು? ಅದೂ ಕೌಲ್ ಬಜಾರ್‌ನಲ್ಲಿ ಎಂಟು ಮಷಿನ್ ಹಾಕಿಕೊಂಡು, ಹದಿನೇಳು ವರ್ಷದಿಂದ ಜೀನ್ಸ್ ಹೊಲಿಸಿಯೇ ಊಟ ಮಾಡುತ್ತಿರುವ ಮನೆಗೆ?

ನಮ್ಮ ಮನೆಯವರಿಗೆ ಸಿಟ್ಟೇ ಬಂತು. "ಅವರು ಒಳ್ಳೆ ಡೆನಿಮ್ ಮುಟ್ಟಿ ನೋಡಿಲ್ಲ ಬಿಡು" ಅಂದರು.

ಮಗಳು ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಮ್ಮದೇ ಯೂನಿಟ್‌ನ ಒಂದು ಜೀನ್ಸ್, ತನ್ನದೊಂದು ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಎರಡನ್ನೂ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಶೆಡ್ಡಿನ ನೆರಳಲ್ಲಿ ಹಗ್ಗಕ್ಕೆ ಹಾಕಿದಳು. ಆಗಸ್ಟ್ ತಿಂಗಳು, ಮಳೆ ಇಲ್ಲ, ಸೆಕೆ ಇತ್ತು. ಮಧ್ಯಾಹ್ನ ಟೈಲರುಗಳು ಊಟಕ್ಕೆ ಏಳುವ ಹೊತ್ತಿಗೆ ಟ್ರ್ಯಾಕ್ ಪ್ಯಾಂಟ್ ಗರಿಗರಿ ಒಣಗಿತ್ತು. ಸಂಜೆ ಆರಕ್ಕೆ ಜೀನ್ಸಿನ ಸೊಂಟಪಟ್ಟಿ ಹಿಡಿದು ನೋಡಿದೆ. ತಣ್ಣಗೆ, ಒದ್ದೆ. ಜೇಬಿನ ಒಳಗೆ ಬೆರಳು ಹಾಕಿದರೆ ಇನ್ನೂ ನೀರು. ಬಳ್ಳಾರಿ ಸೆಕೆಯಲ್ಲಿ ಇದು ಹೀಗಾದರೆ ಹಿಮದಲ್ಲಿ ಏನು ಗತಿ? ಹತ್ತಿ ಬಟ್ಟೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಒದ್ದೆ ಬಟ್ಟೆ ಮೈಶಾಖವನ್ನೆಲ್ಲ ಎಳೆದುಬಿಡುತ್ತೆ. ಮನೆಯವರು ಆ ಜೀನ್ಸನ್ನು ಹಗ್ಗದಿಂದ ತೆಗೆದು ಸುಮ್ನೆ ಒಳಗೆ ಹೋದರು. ಆಮೇಲೆ ಆ ಮಾತು ಬರಲಿಲ್ಲ.

ಇದೆಲ್ಲ ಶುರುವಾಗಿದ್ದು ಅದಕ್ಕೂ ಎರಡು ವಾರ ಮೊದಲು. ನಮ್ಮ ಮನೆಯ ಪ್ರವಾಸ ಅಂದರೆ ಒಂದೇ ನಮೂನೆ. ಮಂತ್ರಾಲಯ, ಶ್ರೀಶೈಲ, ತಿರುಪತಿ. ಒಂದು ಸಲ ಧೈರ್ಯ ಮಾಡಿ ಊಟಿ. ಹದಿನಾರು ಜನ, ಒಂದು ಟೆಂಪೊ ಟ್ರಾವೆಲರ್, ಡಬ್ಬಿಗಟ್ಟಲೆ ಚಿತ್ರಾನ್ನ. ಊಟಿಯಲ್ಲಿ ನಾನು ನೋಡಿದ್ದರಲ್ಲಿ ಅರ್ಧ ಕಿಟಕಿ ಗಾಜಿನಿಂದ, ಇನ್ನರ್ಧ ಟಾಯ್ಲೆಟ್ ಹುಡುಕುವಾಗ. ಈ ಸಲ ಎಲ್ಲಿಗೆ ಅಂತ ಮಾತು ಬಂದಾಗ ಮಗಳು, "ಅಮ್ಮ, ಈ ಸಲ ಗಾಡಿಯಿಂದ ಇಳಿದು ಹೋಗೋ ಕಡೆ ಹೋಗೋಣ, ನಾವಿಬ್ಬರೇ" ಅಂದಳು. ಅವಳಿಗೆ ಇಪ್ಪತ್ತು. ನನಗೆ ನಲವತ್ತನಾಲ್ಕು. ಹೂಂ ಅಂದುಬಿಟ್ಟೆ. ಯಾಕೆ ಅಂದೆನೋ, ಆಮೇಲೆ ಎರಡು ದಿನ ನಿದ್ದೆ ಬರಲಿಲ್ಲ.

ಮೊದಲು ಕುಮಾರಪರ್ವತ ಅಂದುಕೊಂಡೆವು. ಹತ್ತಿರ, ನಮ್ಮದೇ ರಾಜ್ಯ, ಸುಬ್ರಹ್ಮಣ್ಯ ಹೇಗೂ ಗೊತ್ತು. ಆದರೆ ಅದು 'ಸುಲಭದ್ದು' ಅಂದುಕೊಂಡವರು ಯಾರೂ ಹತ್ತಿ ನೋಡಿಲ್ಲ ಅಂತ ಹೋಗಿಬಂದವರು ಹೇಳಿದರು. ನಿಂತ ಏರು, ಒಂದೇ ಸಮನೆ. ಇನ್ನೊಬ್ಬರು ಯೂತ್ ಹಾಸ್ಟೆಲ್ಸ್‌ನವರ ಜೊತೆ ಹಿಮಾಚಲದ ಸಾರ್ ಪಾಸ್‌ಗೆ ಹೋಗಿಬಂದಿದ್ದರು. 13,800 ಅಡಿ, ಮೇ ತಿಂಗಳಲ್ಲಿ. ಮೇ ಅಂದರೆ ನಮ್ಮ ಕಡೆ ಮದುವೆಗಳ ಸಾಲು, ಆಗೋದಿಲ್ಲ. ನಮಗೆ ಕೆಲಸ ಕಡಿಮೆ ಇರೋದು ದೀಪಾವಳಿ ಆರ್ಡರ್ ಕಳಿಸಿದ ಮೇಲೆ, ಡಿಸೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಹೋಗಬಹುದಾದ, ಹೊಸಬರು ಹತ್ತಬಹುದಾದ, ಹಿಮ ಇರುವ ಜಾಗ ಅಂತ ಸೋಸಿದಾಗ ಉಳಿದದ್ದು ಉತ್ತರಾಖಂಡದ ಕೇದಾರಕಂಠ. 12,500 ಅಡಿ. ಸಾಂಕ್ರಿ ಅನ್ನೋ ಹಳ್ಳಿಯಿಂದ ಶುರು. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್, ಇಡೀ ದಿನ ಘಾಟಿ ರಸ್ತೆ.

ಅತ್ತೆಯವರಿಗೆ ಹೇಳೋದೇ ದೊಡ್ಡ ಘಾಟಿ ಅಂದುಕೊಂಡಿದ್ದೆ. ಅವರು 'ಕೇದಾರ' ಅನ್ನುವ ಮೂರಕ್ಷರ ಕೇಳಿದ್ದೇ ಕೈ ಮುಗಿದರು. ಹುಂಡಿಗೆ ಹಾಕು ಅಂತ ಸೀರೆ ಗಂಟಿನಿಂದ ಐನೂರರ ನೋಟು ತೆಗೆದುಕೊಟ್ಟರು. ಒಂದು ವಾರ ನಾನು ಬಾಯಿ ಬಿಡಲಿಲ್ಲ, ನಿಜ ಹೇಳ್ತೀನಿ. ಮಗಳೇ ತಡೆಯಲಾರದೆ ಹೇಳಿದಳು. ಅಜ್ಜಿ, ಅದು ಕೇದಾರನಾಥ ಅಲ್ಲ. ಕೇದಾರನಾಥ ದೀಪಾವಳಿ ಮುಗಿದ ಮೇಲೆ ಬಾಗಿಲು ಹಾಕುತ್ತೆ, ಬೇಸಿಗೆಗೇ ತೆಗೆಯೋದು. ಇದು ಬೇರೆ ಬೆಟ್ಟ, ತುದಿಯಲ್ಲಿ ತ್ರಿಶೂಲ, ಚಿಕ್ಕ ಕಲ್ಲಿನ ಗುಡಿ ಅಷ್ಟೇ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪೂಜಾರಿ ಇಲ್ದ ಗುಡಿಗೆ ಯಾಕ್ ಬೇಕವ್ವಾ ಈ ಉಸಾಬರಿ" ಅಂದರು. ಆದರೆ ನೋಟು ವಾಪಸ್ ಕೇಳಲಿಲ್ಲ.

ನಮ್ಮ ಯೋಜನೆ ನಡೆದದ್ದೆಲ್ಲ ಯೂನಿಟ್‌ನ ಕಟಿಂಗ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ. ಮುಂದಿನಿಂದ ತೆಗೆದರೆ ಸೈಜು, ತಾನು, ಪೀಸು. ಹಿಂದಿನಿಂದ ತೆಗೆದರೆ ಹಿಮಾಲಯ. ಲೆಕ್ಕ ಹಾಕೋದು ನನ್ನ ಕೆಲಸವೇ ಅಲ್ವಾ, ಇದೂ ಹಾಗೇ ಅಂತ ಧೈರ್ಯ ಇತ್ತು. ಲೆಕ್ಕ ಮೊದಲು ತಪ್ಪಿದ್ದು ದುಡ್ಡಿನ ಕಡೆಯೇ.

ಫೋನಿನಲ್ಲಿ ಚಂದದ ವಿಡಿಯೋ ಹಾಕುತ್ತಿದ್ದ ಒಂದು ಸಂಸ್ಥೆಗೆ ನಾಲ್ಕು ಸಾವಿರ ಮುಂಗಡ ಕಟ್ಟಿದೆವು. ಬೆಲೆ ಬೇರೆಯವರಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಣ ಹೋಗುವವರೆಗೆ ಅಕ್ಕಾ ಅಕ್ಕಾ ಅಂತಿದ್ದ ಹುಡುಗ ಆಮೇಲೆ ಫೋನ್ ಎತ್ತಲಿಲ್ಲ. ಹೋಯಿತು, ನಾಲ್ಕು ಸಾವಿರ. ತಾನಿನ ಬೆಲೆ ತೀರ ಕಡಿಮೆ ಅಂದರೆ ಬಟ್ಟೆಯಲ್ಲಿ ಎಲ್ಲೋ ತೂತು ಇದೆ ಅಂತ ನಮ್ಮ ಮಾರ್ಕೆಟ್ಟಿನಲ್ಲಿ ಚಿಕ್ಕ ಹುಡುಗನಿಗೂ ಗೊತ್ತು. ನನಗೆ ಮಾತ್ರ ಆವತ್ತು ಹೊಳೆಯಲಿಲ್ಲ.

ಎರಡನೇ ಸಲ ಕೇಳೋದನ್ನೆಲ್ಲ ಮೊದಲೇ ಬರೆದಿಟ್ಟುಕೊಂಡು ಕೇಳಿದೆ. ಒಂದು ಗುಂಪಿನಲ್ಲಿ ಎಷ್ಟು ಜನ? ಎಷ್ಟು ಜನಕ್ಕೆ ಒಬ್ಬ ಗೈಡ್? ಗೈಡ್ ಎಲ್ಲಿ ತರಬೇತಿ ತಗೊಂಡಿದ್ದಾನೆ? ಉತ್ತರಕಾಶಿಯಲ್ಲಿ 1965ರಿಂದ ನೆಹರು ಪರ್ವತಾರೋಹಣ ಸಂಸ್ಥೆ ಇದೆ, ಅಲ್ಲಿ ಕೋರ್ಸ್ ಮಾಡಿದವನಾ? ಕ್ಯಾಂಪಿನಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತಾ? ಯಾರಿಗಾದರೂ ಆರಾಮಿಲ್ಲ ಅಂದರೆ ಅವರ ಜೊತೆ ಇಳಿಯೋದು ಯಾರು? ಅರಣ್ಯ ಇಲಾಖೆಯ ಪರ್ಮಿಟ್ ನಿಮ್ಮ ಲೆಕ್ಕದಲ್ಲಾ ನಮ್ಮ ಲೆಕ್ಕದಲ್ಲಾ? ಕೊನೆಗೊಂದು, ಗಂಡಸರು ಫೋನ್ ಎತ್ತಿದರೆ ಮಗಳು ಕೇಳಲು ನಾಚಿದ ಪ್ರಶ್ನೆ: ಟಾಯ್ಲೆಟ್ ಹೇಗೆ? ನಾನೇ ಕೇಳಿದೆ. ಗುಂಡಿ ತೋಡಿ ಸುತ್ತ ಟೆಂಟ್ ಕಟ್ಟಿರುತ್ತಾರೆ, ನೀರಿಲ್ಲ, ಟಿಶ್ಯೂ ಕಾಗದ, ಮೇಲೆ ಮಣ್ಣು ಹಾಕಬೇಕು. ಉತ್ತರ ಸರಿಯಾಗಿ, ಬೇಜಾರಿಲ್ಲದೆ ಕೊಟ್ಟವರನ್ನೇ ಆರಿಸಿಕೊಂಡೆವು. ಅವರು ಎರಡನೇ ದಿನವೇ ಡಾಕ್ಟರ್ ಸರ್ಟಿಫಿಕೇಟ್ ಕೇಳಿದರು. ಐದು ಕಿಲೋಮೀಟರ್ ನಲವತ್ತು ನಿಮಿಷದೊಳಗೆ ಮುಗಿಸಿದ ಸಾಕ್ಷಿಯನ್ನೂ ಕೇಳಿದರು.

ಸರ್ಟಿಫಿಕೇಟಿಗೆ ಹೋದಾಗ ರಕ್ತ ಪರೀಕ್ಷೆ ಆಯಿತು. ಮಗಳದ್ದೆಲ್ಲ ಸರಿ. ನನ್ನ ಹಿಮೋಗ್ಲೋಬಿನ್ 9.6. ಹೆಂಗಸರಿಗೆ ಕನಿಷ್ಠ 12 ಇರಬೇಕು. ಮಧ್ಯಾಹ್ನ ಮೆಟ್ಟಿಲು ಹತ್ತಿದರೆ ಏದುಸಿರು ಬರ್ತಿತ್ತು, ವಯಸ್ಸಾಯ್ತು ಅಂದುಕೊಂಡು ಸುಮ್ಮನಿದ್ದೆ. ಡಾಕ್ಟರಮ್ಮ ಕನ್ನಡಕ ಕೆಳಗೆ ಸರಿಸಿ ಕೇಳಿದರು: "ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗೋ ಆಕ್ಸಿಜನ್ನು ಇಲ್ಲಿಯದರ ಮೂರನೇ ಎರಡರಷ್ಟು. ಅದನ್ನ ಹೊರೋ ಗಾಡಿಗಳೂ ಕಡಿಮೆ ಇದ್ರೆ ಏನ್ ಮಾಡ್ತೀರಿ?" ಬಳ್ಳಾರಿ ಇರೋದು ಸಮುದ್ರಮಟ್ಟದಿಂದ ಸುಮಾರು 1,500 ಅಡಿಯಲ್ಲಿ. ಮೇಲಿನದು ನಮ್ಮ ಮೈಗೆ ಗೊತ್ತೇ ಇಲ್ಲದ ಗಾಳಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಹಿಂದೆ ಮುಂದೆ ಚಹಾ ಕುಡಿಯಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ ಅಂದರು. ಚಹಾ ಇದ್ದರೆ ಕಬ್ಬಿಣ ಮೈಗೆ ಹತ್ತೋದಿಲ್ಲವಂತೆ. ನಾಲ್ಕು ತಿಂಗಳ ತಯಾರಿಯಲ್ಲಿ ನನಗೆ ತುಂಬಾ ಕಷ್ಟ ಆದದ್ದು ಇದೇ. ಯೂನಿಟ್‌ನಲ್ಲಿ ದಿನಕ್ಕೆ ಆರು ಸಲ ಚಹಾ ಬರುತ್ತೆ. ಅಕ್ಟೋಬರ್‌ನಲ್ಲಿ 11.2 ಆಯಿತು. ಡಿಸೆಂಬರ್ ಮೊದಲ ವಾರ 12.1. ಆ ರಿಪೋರ್ಟ್ ಹಿಡಿದುಕೊಂಡು ಮಗಳು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಷ್ಟು ಕುಣಿದಳು. ಬೆಟ್ಟಕ್ಕೆ ಹೋಗದಿದ್ದರೆ ಆ ಪರೀಕ್ಷೆಯನ್ನು ನಾನು ಯಾವ ಕಾಲಕ್ಕೂ ಮಾಡಿಸುತ್ತಿರಲಿಲ್ಲ.

ನಡೆಯೋದಕ್ಕೆ ಜಾಗ ಹುಡುಕಬೇಕಿರಲಿಲ್ಲ. ಬಳ್ಳಾರಿ ಗುಡ್ಡ ಇದೆಯಲ್ಲ. ಊರ ನಡುವೆ ಎದ್ದು ನಿಂತ ಇಡೀ ಬಂಡೆ, ಮೇಲೆ ಕೋಟೆ. ಹುಟ್ಟಿದಾಗಿನಿಂದ ನೋಡಿದ್ದೇನೆ, ಹತ್ತಿದ್ದು ಶಾಲೆಯಲ್ಲಿದ್ದಾಗ ಎರಡೇ ಸಲ. ಸೆಪ್ಟೆಂಬರ್‌ನಿಂದ ಕೋಟೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮೇಲಕ್ಕೆ ಹೋಗಿ ಕೆಳಗೆ ಬರೋದು. ಮೊದಲ ದಿನ ಅರ್ಧಕ್ಕೆ ಕೂತೆ. ನಮ್ಮ ಊರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಬೇಸಿಗೆಗೆ ಮುಂಚೆ. ಏಳೂವರೆಗೆ ಬಂಡೆ ಕಾದಿರುತ್ತೆ. ಬೆನ್ನಿಗೆ ಮಗಳ ಹಳೆ ಕಾಲೇಜ್ ಬ್ಯಾಗು, ಒಳಗೆ ಎರಡು ಲೀಟರಿನ ಮೂರು ನೀರಿನ ಬಾಟಲಿ. ಮೂರನೇ ವಾರಕ್ಕೆ ಕೂರದೆ ಹತ್ತಿದೆ. ಐದನೇ ವಾರಕ್ಕೆ ಎರಡು ಸಲ. ಮೇಲಿನ ಬಂಡೆಗಳ ಸಂದಿನಲ್ಲಿ ನಿಂತ ನೀರಿನ ದೊಣೆಗಳ ಹತ್ತಿರ ಐದು ನಿಮಿಷ ಕೂತು ಊರು ನೋಡೋದು ನನಗೆ ಅಭ್ಯಾಸ ಆಗಿಬಿಟ್ಟಿತು. ನಮ್ಮ ಶೆಡ್ಡಿನ ತಗಡು ಅಲ್ಲಿಂದ ಕಾಣುತ್ತೆ ಅಂತ ಅಷ್ಟು ವರ್ಷ ಗೊತ್ತೇ ಇರಲಿಲ್ಲ.

ಆ ಕೋಟೆಗೊಂದು ಕಥೆ ಇದೆ. ಮೇಲಿನ ಕೋಟೆ ವಿಜಯನಗರ ಕಾಲದ ಹನುಮಪ್ಪ ನಾಯಕ ಕಟ್ಟಿಸಿದ್ದು. ಆಮೇಲೆ ಹೈದರಾಲಿ ಬಂದು ಒಬ್ಬ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಬಲಪಡಿಸಿ, ಕೆಳಗಿನ ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಕಥೆ ಮುಗೀತು. ಹೈದರಾಲಿ ಎಂಜಿನಿಯರನ್ನು ನೇಣಿಗೆ ಹಾಕಿಸಿದ ಅಂತ ಊರಲ್ಲಿ ಹೇಳ್ತಾರೆ. ಅವನ ಗೋರಿ ಅಂತ ಕೋಟೆ ಬಾಗಿಲ ಹತ್ತಿರ ತೋರಿಸ್ತಾರೆ ಕೂಡ. ನಿಜವೋ ಸುಳ್ಳೋ, ನಮ್ಮಿಬ್ಬರಿಗೆ ಅದೊಂದು ಮಾತಾಯಿತು. ಯೋಜನೆಯಲ್ಲಿ ಏನಾದರೂ ಮರೆತರೆ "ಕುಂಬಾರ ಗುಡ್ಡ ನೋಡ್ಕೊಂಡ್ಯಾ?" ಅನ್ನೋದು.

ಮೊದಲ ಕುಂಬಾರ ಗುಡ್ಡ ಸಿಕ್ಕಿದ್ದು ಕಾಲಲ್ಲಿ. ಹೊಸ ಟ್ರೆಕ್ಕಿಂಗ್ ಶೂ ತಂದು, ಭಾನುವಾರ ಗಂಗಾವತಿ ಕಡೆಯ ಹಿರೇಬೆಣಕಲ್‌ಗೆ ಹೋದೆವು. ಊರಿಂದ ಗುಡ್ಡ ಹತ್ತಿ ನಡೆದರೆ ಮೇಲೆ ಶಿಲಾಯುಗದವರದು ಅನ್ನಿಸುವಂಥ ಕಲ್ಲಿನ ಮನೆಗಳು, ನೂರಾರು. ನಿಜಕ್ಕೆ ಅವು ಕಬ್ಬಿಣ ಯುಗದವು, ಸತ್ತವರಿಗಾಗಿ ಕಟ್ಟಿದ್ದು, ಎರಡು ಸಾವಿರ ವರ್ಷಕ್ಕೂ ಹಳೆಯವು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ, ಕೆಲವಕ್ಕೆ ದುಂಡಗಿನ ಕಿಂಡಿ. ಗಿಡ್ಡ ಜನ ಮೋರ್ಯರು ಇಲ್ಲಿದ್ದರು ಅಂತ ಸುತ್ತಿನ ಊರವರ ನಂಬಿಕೆ. ಅಲ್ಲೊಂದು ನಗಾರಿ ಬಂಡೆ ಇದೆ, ಕಲ್ಲಿನಿಂದ ಬಡಿದರೆ ನಗಾರಿ ಸದ್ದೇ ಬರುತ್ತೆ. ಮಗಳು ಅದನ್ನು ನೋಡಲು ಓಡಿದಳು. ನಾನು ಒಂದು ಕಲ್ಲಿನ ಮನೆಯ ನೆರಳಲ್ಲಿ ಶೂ ಬಿಚ್ಚಿ ಕೂತೆ.

ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಬೊಬ್ಬೆ. ಒಡೆದಿತ್ತು. ಸಾಕ್ಸ್ ಅಂಟಿಕೊಂಡು, ಎಳೆದರೆ ಚರ್ಮ ಜೊತೆಗೇ ಬರ್ತಿತ್ತು. ಬಾಟಲಿಯ ನೀರು ಹನಿಹನಿ ಹಾಕಿ ಬಿಡಿಸಿದೆ. ಕಾರಣ ಆಮೇಲೆ ಗೊತ್ತಾಯಿತು. ಲೇಸನ್ನು ಮೇಲೆ ಬಿಗಿಯಾಗಿ, ಪಾದದ ಮಡಿಕೆಯಲ್ಲಿ ಸಡಿಲವಾಗಿ ಕಟ್ಟಿದ್ದೆ. ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಎದ್ದು ಎದ್ದು ಉಜ್ಜಿತ್ತು. ಮಡಿಕೆಯಲ್ಲಿ ಒಂದು ಗಂಟು ಹಾಕಿ ಅಲ್ಲೇ ಬಿಗಿ ನಿಲ್ಲಿಸಬೇಕು, ಆಮೇಲೆ ಮೇಲಕ್ಕೆ ಹೋಗಬೇಕು. ಇಳಿಯುವಾಗ ಬೆರಳು ಶೂ ಮೂತಿಗೆ ಬಡಿಯುತ್ತೆ, ಅದಕ್ಕೆ ಉಗುರು ಎರಡು ದಿನ ಮೊದಲೇ ಕತ್ತರಿಸಿರಬೇಕು. ಆವತ್ತು ಇಳಿದದ್ದು ಮಗಳ ಚಪ್ಪಲಿಯಲ್ಲಿ. ಆಮೇಲೆ ಎರಡು ತಿಂಗಳು ಆ ಶೂ ಬಿಚ್ಚಲಿಲ್ಲ. ಯೂನಿಟ್‌ಗೆ, ತರಕಾರಿ ಮಾರ್ಕೆಟ್ಟಿಗೆ, ಒಂದು ಸಲ ಸೀಮಂತಕ್ಕೂ ಅದರಲ್ಲೇ ಹೋದೆ. ಸೀಮಂತದ ಮನೆಯವರು ಇನ್ನೂ ಆ ವಿಷಯ ಎತ್ತುತ್ತಾರೆ.

ರೈಲಿನ ಕುಂಬಾರ ಗುಡ್ಡ ಇನ್ನೂ ದೊಡ್ಡದು. ನಮಗೆ ದೆಹಲಿಗೆ ಅನುಕೂಲ ಅಂದರೆ ಗುಂತಕಲ್‌ಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯೋದು. ಬಳ್ಳಾರಿಯಿಂದ ಗುಂತಕಲ್ ಐವತ್ತು ಕಿಲೋಮೀಟರ್. ಮೊದಲು 120 ದಿನ ಮುಂಚೆ ರಿಸರ್ವೇಶನ್ ಆಗ್ತಿತ್ತು, ನವೆಂಬರ್ 2024ರಿಂದ 60 ದಿನ ಮಾಡಿದ್ದಾರೆ. ದೀಪಾವಳಿಗೆ ವಾರ ಮೊದಲು ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತು ಟಿಕೆಟ್ ಮಾಡಿದೆ. ಎರಡೂ ಕನ್ಫರ್ಮ್. ಡಿಸೆಂಬರ್ 11. ಹನ್ನೊಂದರ ರಾತ್ರಿ ಊಟ ಮಾಡಿ ಹೊರಡೋದು ಅಂತ ನಮ್ಮ ಲೆಕ್ಕ.

ಮೂರು ವಾರ ಆದ ಮೇಲೆ ಮನೆಯವರು ಟಿಕೆಟ್ ಪ್ರಿಂಟ್ ನೋಡಿ ಕೇಳಿದರು: "ಈ ಗಾಡಿ ಗುಂತಕಲ್‌ಗೆ ಎಷ್ಟು ಗಂಟೆಗೆ?" ನಡುರಾತ್ರಿ ದಾಟಿದ ಮೇಲೆ ಅಂದೆ. "ಹನ್ನೊಂದರ ನಡುರಾತ್ರಿ ದಾಟಿದ್ರೆ ಹನ್ನೆರಡು ಅಲ್ಲೇನು?"

ಬಾಯಿ ಒಣಗಿತು. ಗಾಡಿ ಬೆಂಗಳೂರು ಬಿಡೋದು ಸಂಜೆ. ನಮ್ಮ ಹತ್ತಿರ ಬರೋಷ್ಟರಲ್ಲಿ ತಾರೀಖು ಬದಲಾಗಿರುತ್ತೆ. ನಾನು ಮಾಡಿದ್ದು ಹತ್ತನೇ ತಾರೀಖು ರಾತ್ರಿ ಸ್ಟೇಷನ್ನಿಗೆ ಹೋಗಬೇಕಾದ ಟಿಕೆಟ್ಟು. ಗೊತ್ತಾಗದೇ ಹೋಗಿದ್ದರೆ ಹನ್ನೊಂದರ ರಾತ್ರಿ ಬುತ್ತಿ ಕಟ್ಟಿಕೊಂಡು, ಹಿಂದಿನ ರಾತ್ರಿಯೇ ಹೋದ ಗಾಡಿಗೆ ಕಾಯುತ್ತಿದ್ದೆವು. "ಹೈದರಾಲಿ ಆಗಿದ್ರೆ ನಿನಗೆ ನೇಣೇ" ಅಂದಳು ಮಗಳು. ಒಂದು ದಿನ ಮುಂಚೆ ಹೊರಡೋಣ ಅಂದರೆ ಅವಳ ಕೊನೆ ಇಂಟರ್ನಲ್ ಪರೀಕ್ಷೆ ಹನ್ನೊಂದಕ್ಕೇ. ಕ್ಯಾನ್ಸಲ್ ಮಾಡಿ ಹನ್ನೆರಡಕ್ಕೆ ಮಾಡಿದರೆ ವೇಟಿಂಗ್ ಲಿಸ್ಟು. ಆಗದಿದ್ದರೆ ತತ್ಕಾಲ್ ಅಂತ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿಟ್ಟೆ. 2025ರ ಜುಲೈನಿಂದ ಅದಿಲ್ಲದೆ ಆನ್‌ಲೈನ್ ತತ್ಕಾಲ್ ಸಿಗೋದಿಲ್ಲ. ಕೊನೆಗೆ ಆರ್‌ಎಸಿ ಆಯಿತು. ಒಂದು ಸೈಡ್ ಬರ್ತು, ಇಬ್ಬರು.

ಬಟ್ಟೆ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಬೇಕಿರಲಿಲ್ಲ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಬೆಚ್ಚಗೆ ಅನ್ನೋದು ತಕ್ಷಣ ಅರ್ಥ ಆಯಿತು. ಬೆವರು ಎಳೆಯೋದು ಒಂದು, ಶಾಖ ಹಿಡಿಯೋದು ಒಂದು, ಗಾಳಿ ನೀರು ತಡೆಯೋದು ಒಂದು. ದೊಡ್ಡ ಜಾಕೆಟ್, ಕೋಲು, ಶೂ ಕೆಳಗೆ ಕಟ್ಟೋ ಮುಳ್ಳಿನ ಸರಪಳಿ ಎಲ್ಲ ಸಾಂಕ್ರಿಯಲ್ಲೇ ಬಾಡಿಗೆಗೆ. ಸುಮ್ನೆ ಕೊಂಡು ಬಳ್ಳಾರಿಯಲ್ಲಿ ಏನು ಮಾಡೋದು ಅವನ್ನ, ಬೀರುವಿನಲ್ಲಿ ಇಟ್ಟು ಪೂಜೆ ಮಾಡೋದಾ?

ಆದರೆ ಒಂದು ತೊಂದರೆ ಪಟ್ಟಿಯಲ್ಲಿ ಇರಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು ಗಾಳಿ ತಡೆಯೋ ಜಾಕೆಟ್ಟಿನ ಜಿಪ್ ಎಳೆಯೋಕೆ ಹೋದರೆ ಬೆರಳಿಗೆ ಸಿಗೋದೇ ಇಲ್ಲ. ಜಿಪ್ಪಿನ ನಾಲಿಗೆ ಕಡಲೆಕಾಯಿ ಬೀಜದಷ್ಟು. ಗವಸು ತೆಗೆದರೆ ಕೈ ಮರಗಟ್ಟುತ್ತೆ. ನಮ್ಮ ಹಿರಿ ಟೈಲರ್ ಒಬ್ಬರು ಇದ್ದಾರೆ, ಬೆಲ್ಟ್ ಲೂಪ್ ಹಾಕೋದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಗವಸು ಹಾಕಿಕೊಂಡು ಒದ್ದಾಡೋದು ನೋಡಿದರು. ಕಟಿಂಗ್‌ನಲ್ಲಿ ಉಳಿದ ಡೆನಿಮ್ ಚೂರು ತಗೊಂಡು ನಾಲ್ಕು ಇಂಚಿನ ಪಟ್ಟಿ ಮಾಡಿದರು. ಎರಡೂ ಅಂಚು ಒಳಗೆ ಮಡಚಿ ಕಿತ್ತಳೆ ದಾರದಲ್ಲಿ ಎರಡು ಸಾಲು ಹೊಲಿಗೆ. ಅದನ್ನು ಜಿಪ್ಪಿನ ತೂತಿಗೆ ತೂರಿಸಿ ಮಡಚಿ, ಒತ್ತೊತ್ತಾಗಿ ಗಟ್ಟಿ ಹೊಲಿಗೆ ಹಾಕೋ ಬಾರ್‌ಟ್ಯಾಕ್ ಮಷಿನ್ನಿಗೆ ಕೊಟ್ಟರು. ಟಕ್ ಅಂತ ಒಂದು ಸದ್ದು. ಆಯಿತು. ಜಾಕೆಟ್ಟಿನ ಐದು, ಬ್ಯಾಗಿನ ಏಳು ಜಿಪ್ಪಿಗೂ ನೀಲಿ ಬಾಲ ಬಂತು. ಮುಷ್ಟಿಯಲ್ಲಿ ಹಿಡಿದು ಎಳೆದರೂ ಬರುತ್ತೆ. "ಜೀನ್ಸ್ ತರಬೇಡಿ ಅಂದವ್ರಿಗೆ ತೋರ್ಸಿ" ಅಂದರು.

ಉಳಿದ ಸಣ್ಣಪುಟ್ಟದ್ದೂ ಬುಕ್ಕಿಗೆ ಏರಿತು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಫೋನು ಪವರ್ ಬ್ಯಾಂಕು ಸ್ಲೀಪಿಂಗ್ ಬ್ಯಾಗಿನ ಒಳಗೆ. ನೀರಿನ ಬಾಟಲಿ ತಲೆಕೆಳಗಾಗಿ ಇಡಬೇಕು, ಹೆಪ್ಪುಗಟ್ಟೋದು ಮೇಲಿನಿಂದ, ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತೆ. ಮುಟ್ಟಿನ ತಾರೀಖು ನೋಡಿದರೆ ನನ್ನದು ಸರಿಯಾಗಿ ಬೆಟ್ಟದ ಮೇಲೆ. ಮುಂದೂಡೋ ಮಾತ್ರೆ ಬೇಡ ಅನ್ನಿಸಿತು. ಪ್ಯಾಡು, ಬಳಸಿದ್ದನ್ನು ಕೆಳಗೆ ತರೋಕೆ ಜಿಪ್ ಕವರು, ಒಳಗೊಂದು ಕಪ್ಪು ಕವರು. ಮನೆಯ ಆರೋಗ್ಯ ವಿಮೆ ಕಾಗದ ಬಿಡಿಸಿ ಓದಿದರೆ ಸಾಹಸ ಚಟುವಟಿಕೆಗೆ ಅನ್ವಯಿಸುವುದಿಲ್ಲ ಅಂತ ಇರುವೆ ಅಕ್ಷರದಲ್ಲಿ ಇತ್ತು. ಚಾರಣಕ್ಕೆ ಅಂತಲೇ ಬೇರೆ ವಿಮೆ ಮಾಡಿಸಿದೆವು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ತೂಕ ಇಲ್ಲ, ಕೆಡೋದಿಲ್ಲ.

ಕೊನೆಯ ಹಾಳೆಯಲ್ಲಿ ಒಂದೇ ಸಾಲು, ನನ್ನ ಕೈಬರಹ. ಎತ್ತರದ ಕಾಯಿಲೆ ಬಗ್ಗೆ ಓದಿದ ರಾತ್ರಿ ಬರೆದದ್ದು. 8,000 ಅಡಿ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ ಬರಬಹುದು. ಹಾಗಾದಾಗ ಮೇಲೆ ಹೋಗಬಾರದು, ಜಾಸ್ತಿಯಾದರೆ ಇಳಿಯಬೇಕು. ಎಷ್ಟು ಗಟ್ಟಿ ಆಳು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ನನ್ನಿಂದ ಮಗಳ ಖುಷಿ ಹಾಳಾಗಬಾರದು ಅಂತ ಬರೆದೆ: ‘ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಬಾರದು.’ ಇಬ್ಬರೂ ಸಹಿ ಹಾಕಿದೆವು. ಅವಳು ನಗುತ್ತಾ ಫೋಟೊ ತೆಗೆದುಕೊಂಡಳು.

ಹನ್ನೊಂದರ ಸಂಜೆ ಅತ್ತೆ ಕನಕದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಕಾಯಿ ಒಡೆಸಿದರು. ಐನೂರರ ನೋಟು ಅಲ್ಲಿನ ಹುಂಡಿಗೇ ಹೋಯಿತು. ಕೇದಾರಕಂಠದ ಶಿವನಿಗೆ ಒಂದು ವಿಭೂತಿ ಉಂಡೆ ಕೊಟ್ಟರು. ಆರ್‌ಎಸಿ ಬರ್ತಿನಲ್ಲಿ ಒಬ್ಬರ ಕಾಲು ಇನ್ನೊಬ್ಬರ ಬಗಲಿಗೆ ಇಟ್ಟು ಕೂತೆವು. ಸೊಲ್ಲಾಪುರ ದಾಟಿದ ಮೇಲೆ ಟಿಟಿ ಇನ್ನೊಂದು ಬರ್ತು ಕೊಟ್ಟರು. ದೆಹಲಿ, ಡೆಹ್ರಾಡೂನ್, ಸಾಂಕ್ರಿ. ದಾರಿಯ ಬಗ್ಗೆ ಬರೆಯೋದು ಏನೂ ಇಲ್ಲ, ಪುರೋಲಾ ದಾಟಿದ ಮೇಲೆ ನಾನು ವಾಂತಿ ಮಾಡಿಕೊಂಡೆ ಅನ್ನೋದು ಬಿಟ್ಟರೆ.

ಮೊದಲ ದಿನ ಜೂಡಾ ಕಾ ತಾಲಾಬ್, ಅಂಚಿನಲ್ಲಿ ಗಾಜಿನಂತೆ ಹೆಪ್ಪುಗಟ್ಟಿದ ಕೆರೆ. ಎರಡನೇ ದಿನ ಬೇಸ್ ಕ್ಯಾಂಪ್, 11,250 ಅಡಿ. ಹಿಮ ನಾವು ಅಂದುಕೊಂಡಷ್ಟು ಇರಲಿಲ್ಲ. ಕ್ರಿಸ್ಮಸ್ ಹೊತ್ತಿಗೆ ಬಂದರೆ ಜಾಸ್ತಿ ಇರಬಹುದಿತ್ತು, ಜನವೂ ಜಾತ್ರೆಯಷ್ಟು ಇರುತ್ತಿದ್ದರು. ಬ್ಯಾಗಿನ ನೀಲಿ ಬಾಲಗಳನ್ನು ನೋಡಿ ಗೈಡ್ ಹುಡುಗ, ಇವು ಎಲ್ಲಿ ಸಿಗುತ್ತವೆ ಅಂತ ಹಿಂದಿಯಲ್ಲಿ ಕೇಳಿದ. ಬಳ್ಳಾರಿಯಲ್ಲಿ ಅಂದೆ. ನನಗೆ ಅಷ್ಟು ಹೆಮ್ಮೆ ಯಾವ ಆರ್ಡರ್ ಸಿಕ್ಕಾಗಲೂ ಆಗಿರಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಎಬ್ಬಿಸಿದರು. ಮಗಳು ಎದ್ದು ಕೂತವಳು ಹಾಗೇ ತಲೆ ಹಿಡಿದುಕೊಂಡಳು. ರಾತ್ರಿ ಊಟ ಬೇಡ ಅಂದಿದ್ದಳು, ನಾನು ದಣಿವು ಅಂದುಕೊಂಡಿದ್ದೆ. ಗೈಡ್ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದ, ಎರಡು ಪ್ರಶ್ನೆ ಕೇಳಿದ, ತಲೆ ಅಲ್ಲಾಡಿಸಿದ. ಇವಳು ಹತ್ತೋದು ಬೇಡ, ಇಲ್ಲೇ ಇರಲಿ, ಇನ್ನೊಬ್ಬ ಗೈಡ್ ಜೊತೆಗಿರ್ತಾನೆ, ಕಡಿಮೆ ಆಗದಿದ್ದರೆ ಬೆಳಿಗ್ಗೆಯೇ ಕೆಳಗೆ. ಗುಡ್ಡ ಕುಪ್ಪಳಿಸಿ ಹತ್ತುತ್ತಿದ್ದ ಹುಡುಗಿ. ನಾನು ಶೂ ಬಿಚ್ಚತೊಡಗಿದೆ. ಅವಳು ಏನೂ ಮಾತಾಡದೆ ಫೋನ್ ತೆಗೆದು ಆ ಫೋಟೊ ನನ್ನ ಮುಖಕ್ಕೆ ಹಿಡಿದಳು. ಟೆಂಟಿನ ಕತ್ತಲಲ್ಲಿ ನನ್ನದೇ ಕೈಬರಹ, ನನ್ನದೇ ಸಹಿ.

ಬೈದೆ. ಕಣ್ಣೀರು ಹಾಕಿದೆ. ಇನ್ನೊಂದು ಸಲ ಗೈಡನ್ನು ಕೇಳಿದೆ. ಆಮೇಲೆ ಪಾದದ ಮಡಿಕೆಯಲ್ಲಿ ಗಂಟು ಹಾಕಿ ಲೇಸು ಕಟ್ಟಿದೆ.

ಕ್ಯಾಂಪಿನಿಂದ ತುದಿಗೆ 1,250 ಅಡಿ, ನಮ್ಮ ಗುಡ್ಡದ ಎರಡು-ಮೂರು ಪಟ್ಟು. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣೋದಿಲ್ಲ. ಇಪ್ಪತ್ತು ಹೆಜ್ಜೆ, ನಿಲ್ಲು. ಇಪ್ಪತ್ತು ಹೆಜ್ಜೆ, ನಿಲ್ಲು. ಬಳ್ಳಾರಿಯಲ್ಲಿ ನನ್ನ ಶೆಡ್ಡಿನ ತಗಡು ಕಾಣುವ ಜಾಗ ಬಂತು, ನೀರಿನ ದೊಣೆ ಬಂತು ಅಂತ ಮನಸ್ಸಿನಲ್ಲೇ ಅಂದುಕೊಂಡು ಹತ್ತಿದೆ. ತುದಿ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ತ್ರಿಶೂಲದ ಬುಡಕ್ಕೆ ವಿಭೂತಿ ಇಟ್ಟೆ. ಗವಸಿನಲ್ಲೇ ಬ್ಯಾಗಿನ ಜಿಪ್ ತೆಗೆದೆ, ಹಾಕಿದೆ. ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಮನಸ್ಸು ಒಪ್ಪಲಿಲ್ಲ.

ಕ್ಯಾಂಪಿಗೆ ಇಳಿದಾಗ ಮಗಳು ಬಿಸಿಲಿಗೆ ಕೂತು ಕಡಕ್ ರೊಟ್ಟಿ ಮುರಿದು ಚಟ್ನಿಪುಡಿಯಲ್ಲಿ ಅದ್ದಿ ತಿನ್ನುತ್ತಿದ್ದಳು. ತಲೆನೋವು ಇಳಿದಿತ್ತು. ತುಟಿ ಒಡೆದಿತ್ತು, ಖಾರಕ್ಕೆ ಹಾ ಹಾ ಅಂತಿದ್ದಳು. ಹೇಗಿತ್ತು ಅಂತ ಕೇಳಲಿಲ್ಲ.

"ಕುಂಬಾರ ಗುಡ್ಡ ಇತ್ತಾ?" ಅಂದಳು.

"ಇತ್ತು" ಅಂದೆ. "ಒಂದಲ್ಲ. ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್. ಎಲ್ಲ ನಮ್ಮದಕ್ಕಿಂತ ಎತ್ತರ." ಅವಳ ಕೈಯಿಂದ ಅರ್ಧ ರೊಟ್ಟಿ ಕಿತ್ತುಕೊಂಡು ಪಕ್ಕದಲ್ಲಿ ಕೂತೆ.